ಸಿಂಹನಗದ್ದೆಯ ಜ್ವಾಲಾಮಾಲಿನಿ: ಒಂದು ವಿಮರ್ಶೆ

ಮಲೆನಾಡಿನ ದೇವಾಲಯಗಳನ್ನು ಕುರಿತು ಬರೆಯುವವರು ಬೇಲೂರನ್ನೇ ಮನಸ್ಸಿನಲ್ಲಿಟ್ಟುಕೊಂಡು, ಆ ಅಳತೆಗೋಲಿಗೆ ನಿಲುಕದುದನ್ನೆಲ್ಲ ಸಾಮಾನ್ಯವೆಂದು ಬದಿಗಿಡುವುದುಂಟು. ನರಸಿಂಹರಾಜಪುರದ ಸಿಂಹನಗದ್ದೆಯ ಬಸದಿಗೆ ಈ ಅಳತೆಯಿಂದ ನ್ಯಾಯ ದೊರೆಯಲಾರದು. ಎಡೇಹಳ್ಳಿಯೆಂದಿದ್ದ ಊರಿಗೆ ಯುವರಾಜ ಕಂಠೀರವ ನರಸಿಂಹರಾಜ ಒಡೆಯರ ಹೆಸರು ಬಂದುದು 1915ರಲ್ಲಿ. ಅಲ್ಲಿ ಪೂಜೆಗೊಳ್ಳುವ ದೇವಿಯ ಕಥೆಯಾದರೋ ಅದಕ್ಕಿಂತ ಸುಮಾರು ಸಾವಿರ ವರ್ಷ ಹಿಂದಿನದು.

ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದಲ್ಲಿ, ಕ್ರಿ.ಶ. 939ರಲ್ಲಿ, ಇಂದ್ರನಂದಿಯು ಮಾನ್ಯಖೇಟದಲ್ಲಿ ‘ಜ್ವಾಲಿನೀಕಲ್ಪ’ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದನು. ಬ್ರಹ್ಮರಾಕ್ಷಸನ ಪೀಡೆಗೆ ಸಿಕ್ಕಿದ ಕಮಲಶ್ರೀಯೆಂಬ ಶಿಷ್ಯೆಯನ್ನು ಬಿಡಿಸಲು ಹೇಲಾಚಾರ್ಯನು ನೀಲಗಿರಿಯ ಶಿಖರವನ್ನೇರಿ ಈ ದೇವಿಯನ್ನು ಒಲಿಸಿಕೊಂಡನೆಂಬುದು ಅಲ್ಲಿಯ ಕಥೆ. ಮಂತ್ರಶಾಸ್ತ್ರದ ಮೂಲದಲ್ಲಿರುವುದು ಒಬ್ಬ ಹೆಂಗಸಿನ ಸಂಕಟ ಮತ್ತು ಒಬ್ಬ ಗುರುವಿನ ಮರುಕವೆಂಬುದನ್ನು ವಾಚಕರು ಗಮನಿಸಬೇಕು.

ಜ್ವಾಲಾಮಾಲಿನಿಯು ಎಂಟನೆಯ ತೀರ್ಥಂಕರನಾದ ಚಂದ್ರಪ್ರಭನ ಯಕ್ಷಿ. ಜಿನನು ರಾಗದ್ವೇಷಗಳನ್ನು ಗೆದ್ದವನು. ಒಲಿಯುವವನೂ ಅಲ್ಲ, ಮುನಿಯುವವನೂ ಅಲ್ಲ. ಮನೆಯಲ್ಲಿ ಮಗು ಜ್ವರದಿಂದ ನರಳುವಾಗ ತಾಯಿಯಾದವಳಿಗೆ ಮೊರೆ ಕೇಳುವವರೊಬ್ಬರು ಬೇಕಷ್ಟೆ. ಆ ಸ್ಥಾನವನ್ನು ಯಕ್ಷಿಯು ತುಂಬಿದಳು. ಹುಂಬುಚದಲ್ಲಿ ಪದ್ಮಾವತಿಯು ಪಾರ್ಶ್ವನಾಥನಿಗಿಂತ ಹೆಚ್ಚು ಜನರನ್ನು ಕರೆಯುವುದೂ ಈ ಕಾರಣದಿಂದಲೇ.

ಶಿಲ್ಪಿಯ ಕಷ್ಟವೂ ಇಲ್ಲಿಯೇ ಇರುವುದು. ಶಾಸ್ತ್ರವು ದೇವಿಗೆ ಎಂಟು ಕೈಗಳನ್ನೂ ಮಹಿಷವಾಹನವನ್ನೂ ವಿಧಿಸುತ್ತದೆ. ತ್ರಿಶೂಲ, ಪಾಶ, ಚಕ್ರ, ಬಿಲ್ಲುಬಾಣಗಳ ನಡುವೆ ಮೀನನ್ನೂ ಹಿಡಿಸುತ್ತದೆ. ಅಹಿಂಸೆಯನ್ನು ಪರಮಧರ್ಮವೆನ್ನುವ ಮತದಲ್ಲಿ ಇಷ್ಟೊಂದು ಆಯುಧಗಳೇ? ಇವು ಕೊಲ್ಲುವುದಕ್ಕಲ್ಲ, ಕಾಯುವುದಕ್ಕೆ ಎಂದು ಮುಖದ ಶಾಂತಿಯೊಂದರಿಂದಲೇ ತೋರಿಸಬೇಕು. ಮಹಿಷವನ್ನು ಮರ್ದಿಸುವ ದುರ್ಗೆಗೂ ಮಹಿಷವನ್ನೇ ವಾಹನವಾಗಿಸಿಕೊಂಡ ಈಕೆಗೂ ಇರುವ ಅಂತರವನ್ನು ನೋಡಿದರೆ ಜೈನ ಶಿಲ್ಪದ ಹೃದಯವು ತಿಳಿಯುವುದು. ಪೂಜಾಮೂರ್ತಿಯನ್ನು ಸೀರೆ, ಆಭರಣ, ಹೂಗಳು ಮುಚ್ಚುವುದರಿಂದ ಕಲಾವಿಮರ್ಶಕನಿಗೆ ಉಳಿಯುವುದು ಆ ಮುಖವೇ, ಅದೇ ಸಾಕು.

ದೇವಿಯು ಗೇರುಸೊಪ್ಪೆಯಿಂದ ಬಂದಳೆಂಬ ಐತಿಹ್ಯವಿದೆ. ಗೇರುಸೊಪ್ಪೆಯು ಜೈನ ಅರಸರ ರಾಜಧಾನಿ. ಮೆಣಸಿನ ವ್ಯಾಪಾರದಿಂದ ಹೆಸರಾದ ರಾಣಿ ಚೆನ್ನಭೈರಾದೇವಿಯ ಆಳ್ವಿಕೆಯು 17ನೆಯ ಶತಮಾನದ ಮೊದಲಲ್ಲಿ ಕೆಳದಿಯವರಿಂದ ಕೊನೆಗೊಂಡಿತು. ಅಲ್ಲಿಯ ಚತುರ್ಮುಖ ಬಸದಿಯು ಇಂದು ಕಾಡಿನ ನಡುವೆ ಒಂಟಿಯಾಗಿ ನಿಂತಿರುವುದು. ಐತಿಹ್ಯವನ್ನು ಶಾಸನವೆಂಬಂತೆ ಬರೆದರೆ ವಿವೇಕಿಗಳು ಎರಡನ್ನೂ ನಂಬರು. ಕಟ್ಟುಕಥೆಯೆಂದು ಎಸೆದರೆ, ರಾಜ್ಯವಳಿದರೂ ದೇವರನ್ನು ಬಿಡದ ಜನರ ನೆನಪೇ ಅಳಿಯುವುದು. ಎರಡನ್ನೂ ಬೇರೆಬೇರೆಯಾಗಿ ಬರೆದಿಡುವುದೇ ನಮ್ಮ ಜಿಲ್ಲೆಯ ವಿದ್ಯಾವಂತರ ಕರ್ತವ್ಯ. ಕಲ್ಲಿನ ಮೇಲಿನ ಅಕ್ಷರವು ಕಾದೀತು. ಮುದುಕರ ಬಾಯಲ್ಲಿರುವ ಮಾತು ಕಾಯದು.