ಮುರಿದ ಕಂಬ, ಬಿಗಿದ ಪಟ್ಟಿ

ಮೆಕ್ಸಿಕೊದ ಕಲಾವಿದೆ ಫ್ರೀಡಾ ಕಾಹ್ಲೊ (1907–1954) 1944ರಲ್ಲಿ ರಚಿಸಿದ ‘ಮುರಿದ ಕಂಬ’ ಎಂಬ ತೈಲವರ್ಣದ ಸ್ವಚಿತ್ರವನ್ನು ಅತಿವಾಸ್ತವವಾದದ ಕೃತಿಯೆಂದು ಗುರುತಿಸುವುದು ರೂಢಿ. ಕನಸು ಮತ್ತು ಸುಪ್ತಮನಸ್ಸಿನ ತರ್ಕವನ್ನು ನೆಚ್ಚಿ, ಒಂದಕ್ಕೊಂದು ಸಂಬಂಧವಿಲ್ಲದ ವಸ್ತುಗಳನ್ನು ಬೆಸೆಯುವ ಪಂಥ ಅದು. 1938ರಲ್ಲಿ ಮೆಕ್ಸಿಕೊಕ್ಕೆ ಬಂದ ಆ ಪಂಥದ ಮುಖಂಡ ಆಂದ್ರೆ ಬ್ರೆಟನ್ ಆಕೆಯನ್ನು ತನ್ನವಳೆಂದು ಸಾರಿದನಾದರೂ, ತಾನು ಬಿಡಿಸುವುದು ಕನಸನ್ನಲ್ಲ, ತನ್ನ ವಾಸ್ತವವನ್ನು ಎಂಬ ನಿಲುವನ್ನು ಆಕೆ ಬಿಡಲಿಲ್ಲ. ಈ ಚಿತ್ರದ ಮಟ್ಟಿಗಂತೂ ಆಕೆಯ ಮಾತೇ ಸರಿ.

ಬಾಲ್ಯದಲ್ಲಿ ಪೋಲಿಯೊಗೆ ಬಲಗಾಲು ಸೊರಗಿದ್ದ ಕಾಹ್ಲೊಳ ಬೆನ್ನುಮೂಳೆ ಮತ್ತು ಸೊಂಟದ ಮೂಳೆಗಳು 1925ರ ಸೆಪ್ಟೆಂಬರ್ 17ರಂದು ಬಸ್ಸಿಗೆ ಟ್ರಾಮ್ ಡಿಕ್ಕಿ ಹೊಡೆದಾಗ ಮುರಿದವು. 1944ರ ಹೊತ್ತಿಗೆ ಉಕ್ಕಿನ ಕವಚವಿಲ್ಲದೆ ನೆಟ್ಟಗಿರುವುದೇ ಆಕೆಗೆ ಕಷ್ಟವಾಗಿತ್ತು. ಸುಮಾರು 40 ಸೆಂ.ಮೀ. ಎತ್ತರದ ಈ ಪುಟ್ಟ ಚಿತ್ರದಲ್ಲಿ ಕತ್ತಿನಿಂದ ಸೊಂಟದವರೆಗೆ ಸೀಳಿದ ಮೈಯೊಳಗೆ, ಬೆನ್ನುಮೂಳೆ ಇರಬೇಕಾದ ಕಡೆ, ಗ್ರೀಕರ ಅಯೋನಿಕ್ ಶೈಲಿಯ ಕಂಬವೊಂದು ಹಲವೆಡೆ ಬಿರಿದು ನಿಂತಿದೆ, ಸುರುಳಿಗಳಿರುವ ಅದರ ಬೋದಿಗೆ ಗದ್ದಕ್ಕೆ ಆಸರೆಯಾಗಿದೆ. ಆದರೆ ದೇಹವನ್ನು ನಿಜವಾಗಿ ಹಿಡಿದಿಟ್ಟಿರುವುದು ಆ ಕಂಬವಲ್ಲ, ಸೀಳಿನ ಮೇಲೆ ಅಡ್ಡಡ್ಡ ಬಿಗಿದ ಕವಚದ ಬಿಳಿ ಪಟ್ಟಿಗಳು. ಚಿತ್ರದ ಶಕ್ತಿ ಇರುವುದು ಇಲ್ಲಿಯೇ. ಶಾಶ್ವತವೆಂದು ನಂಬಿದ ಕಲ್ಲು ಒಳಗೆ ಕುಸಿಯುತ್ತಿರುವಾಗ, ಆಸ್ಪತ್ರೆಯ ಸಾಮಾನು ಮನುಷ್ಯಳನ್ನು ನಿಲ್ಲಿಸುತ್ತದೆ, ಅದೇ ಅವಳನ್ನು ಬಂಧಿಸುತ್ತದೆ. ದೌರ್ಬಲ್ಯವನ್ನು ಕುರಿತು ಅತಿವಾಸ್ತವವಾದಿಗಳು ಕಲ್ಪಿಸಿದ ಎಷ್ಟೋ ರೂಪಕಗಳಿಗೆ ಈ ನಿಖರತೆ ದಕ್ಕಲಿಲ್ಲ.

ಮುಖದಿಂದ ಹಿಡಿದು ಮೈತುಂಬ ನೆಟ್ಟ ಮೊಳೆಗಳ ಬಗ್ಗೆ ಇದೇ ಮಾತು ಹೇಳಲಾಗದು. ಬಾಣಗಳಿಂದ ತಿವಿಸಿಕೊಂಡ ಸಂತ ಸೆಬಾಸ್ಟಿಯನ್ನನ ಕ್ರೈಸ್ತ ಚಿತ್ರಪರಂಪರೆಯನ್ನು ನೆನಪಿಸುವ ಅವು ನೋವನ್ನು ಸಾರಿ ಹೇಳುತ್ತವೆಯೇ ಹೊರತು ಅದರ ಬಗೆಯನ್ನು ತಿಳಿಸುವುದಿಲ್ಲ. ಹಿನ್ನೆಲೆಯ ಬಿರುಕುಬಿಟ್ಟ ಬಂಜರು ನೆಲವೂ ದೇಹದ ಸೀಳನ್ನೇ ಮತ್ತೊಮ್ಮೆ ಹೇಳುತ್ತದೆ. ಹೀಗಿದ್ದರೂ ಕೃತಿ ಗೋಳಿಗೆ ಜಾರದಿರುವುದಕ್ಕೆ ಆ ಮುಖ ಕಾರಣ: ಕೆನ್ನೆಯ ಮೇಲೆ ಬಿಳಿ ಹನಿಗಳಾಗಿ ಕಣ್ಣೀರು ಸುರಿಯುತ್ತಿದ್ದರೂ ಬಾಯಿ ನೋವಿಗೆ ಸೊಟ್ಟಗಾಗಿಲ್ಲ, ದೃಷ್ಟಿ ನೋಡುಗನಿಂದ ಕದಲಿಲ್ಲ. ಮರುವರ್ಷ ಬರೆದ ‘ಆಶೆಯಿಲ್ಲದೆ’ ಎಂಬ ಚಿತ್ರದಲ್ಲಿ, ಹಾಸಿಗೆ ಹಿಡಿದವಳ ಬಾಯಿಗೆ ಮೀನು, ಮಾಂಸ, ತಲೆಬುರುಡೆಗಳು ಕಿಕ್ಕಿರಿದ ಆಲಿಕೆಯನ್ನಿಟ್ಟು ಬಲವಂತದ ಪೋಷಣೆಯ ಹೇಸಿಗೆಯನ್ನು ಆಕೆ ತೋರಿಸಿದಳು. ಅಲ್ಲಿ ರೋಗಿ ಚಿಕಿತ್ಸೆಯ ಅಡಿಯಾಳು ಮಾತ್ರ, ಇಲ್ಲಿ ಪಟ್ಟಿಗಳೊಳಗೆ ಬಿಗಿದಿದ್ದರೂ ತನ್ನನ್ನು ತಾನೇ ಪರೀಕ್ಷಿಸುವವಳು.