ಗಾಯಕಿಯ ಜೀವನವೂ ಚಿತ್ರಪಟದ ಔಚಿತ್ಯವೂ

ಪ್ರಸಿದ್ಧವಾದ ಕಥೆಯೊಂದನ್ನು ಕೈಗೊಂಡ ಕವಿಯು ಅದರಲ್ಲಿ ಎಷ್ಟನ್ನು ಇಟ್ಟುಕೊಳ್ಳಬಹುದು, ಎಷ್ಟನ್ನು ಬಿಡಬಹುದು ಎಂಬ ಪ್ರಶ್ನೆ ಬಹು ಹಳೆಯದು. ರಸಕ್ಕೆ ಒಗ್ಗದ ಸಂಗತಿಯು ಮೂಲದಲ್ಲಿಯೇ ಇದ್ದರೂ ಅದನ್ನು ತೊರೆದು ರಸಾನುಗುಣವಾದ ಬೇರೊಂದನ್ನು ಕಲ್ಪಿಸಿಕೊಳ್ಳಬಹುದೆಂದು ಆನಂದವರ್ಧನನು ತೀರ್ಪಿತ್ತಿರುವನು. ಪಂಪನು ವಿಕ್ರಮಾರ್ಜುನ ವಿಜಯದಲ್ಲಿ ದ್ರೌಪದಿಯನ್ನು ಅರ್ಜುನನೊಬ್ಬನಿಗೇ ಪತ್ನಿಯನ್ನಾಗಿ ಮಾಡಿದುದು ಕನ್ನಡಿಗರೆಲ್ಲರೂ ಬಲ್ಲ ವಿಷಯ. ಚಲಚ್ಚಿತ್ರವು ನಿಜವಾಗಿ ಬದುಕಿ ಬಾಳಿದ ಕಲಾವಿದರ ಚರಿತ್ರೆಯನ್ನು ಕಥಾವಸ್ತುವನ್ನಾಗಿ ಮಾಡಿಕೊಂಡಾಗಲೂ ಇದೇ ಪ್ರಶ್ನೆ ಏಳುವುದು. ಅಮೆರಿಕದ ಜಾಝ್ ಗಾಯಕಿ ಬಿಲ್ಲಿ ಹಾಲಿಡೇ ಎಂಬಾಕೆಯನ್ನು ಕುರಿತು ಹೊರಬಂದ ಎರಡು ಚಿತ್ರಗಳು ಈ ವಿಚಾರಕ್ಕೆ ತಕ್ಕ ನಿದರ್ಶನಗಳಾಗಿವೆ. ಒಂದು 1972ರ ‘ಲೇಡಿ ಸಿಂಗ್ಸ್ ದಿ ಬ್ಲೂಸ್’. ಇನ್ನೊಂದು 2021ರ ‘ದಿ ಯುನೈಟೆಡ್ ಸ್ಟೇಟ್ಸ್ ವರ್ಸಸ್ ಬಿಲ್ಲಿ ಹಾಲಿಡೇ’.

ಮೊದಲು ಆಕೆಯ ಜೀವನವನ್ನು ಸಂಕ್ಷೇಪವಾಗಿ ನೋಡುವುದು ಒಳ್ಳೆಯದು. ಆಕೆ 1915ರಲ್ಲಿ ಫಿಲಡೆಲ್ಫಿಯದಲ್ಲಿ ಹುಟ್ಟಿ ಬಾಲ್ಟಿಮೋರಿನಲ್ಲಿ ಬೆಳೆದಳು. ಬಡತನವೂ ಅನಾದರವೂ ಬಾಲ್ಯದಿಂದಲೇ ಆಕೆಯ ಸಂಗಾತಿಗಳಾಗಿದ್ದುವು. ನ್ಯೂಯಾರ್ಕಿನ ಹಾರ್ಲೆಮಿನಲ್ಲಿ ಹಾಡುತ್ತಿದ್ದ ಆಕೆಯನ್ನು ಜಾನ್ ಹ್ಯಾಮಂಡ್ ಎಂಬ ರಸಜ್ಞನು ಗುರುತಿಸಿದನು. 1933ರಲ್ಲಿ ಮೊದಲ ಧ್ವನಿಮುದ್ರಣವಾಯಿತು. 1937ರಲ್ಲಿ ಕೌಂಟ್ ಬೇಸಿಯ ಮೇಳದಲ್ಲಿಯೂ ಮರುವರ್ಷ ಆರ್ಟಿ ಶಾನ ಮೇಳದಲ್ಲಿಯೂ ಹಾಡಿದಳು. ಕರಿಯ ಜನರನ್ನು ಮರಕ್ಕೆ ನೇಣುಹಾಕುತ್ತಿದ್ದ ಘೋರವನ್ನು ವಸ್ತುವಾಗುಳ್ಳ ‘ಸ್ಟ್ರೇಂಜ್ ಫ್ರೂಟ್’ ಎಂಬ ಹಾಡನ್ನು 1939ರಲ್ಲಿ ಎತ್ತಿಕೊಂಡಳು. ಹೆರಾಯಿನ್ ಎಂಬ ಮಾದಕದ್ರವ್ಯಕ್ಕೆ ವಶಳಾಗಿ, 1947ರಲ್ಲಿ ಶಿಕ್ಷೆ ಹೊಂದಿ, ಮರುವರ್ಷ ಸೆರೆಮನೆಯಿಂದ ಬಿಡುಗಡೆಯಾದಳು. ಆದರೆ ನ್ಯೂಯಾರ್ಕಿನಲ್ಲಿ ಮದ್ಯ ಮಾರುವ ಕ್ಲಬ್ಬುಗಳಲ್ಲಿ ಹಾಡಲು ಬೇಕಾದ ಪರವಾನಗಿ ಆಕೆಗೆ ಮತ್ತೆ ದೊರೆಯಲಿಲ್ಲ. 1959ರ ಜುಲೈ 17ರಂದು, ತನ್ನ 44ನೆಯ ವಯಸ್ಸಿನಲ್ಲಿ, ಆಸ್ಪತ್ರೆಯ ಹಾಸಿಗೆಯಲ್ಲಿಯೇ ಮತ್ತೊಮ್ಮೆ ಬಂಧನಕ್ಕೊಳಗಾಗಿದ್ದ ಸ್ಥಿತಿಯಲ್ಲಿ ಕಣ್ಮುಚ್ಚಿದಳು.

ಇಂತಹ ಜೀವನದಲ್ಲಿ ಕರುಣಕ್ಕೆ ಬೇಕಾದ ವಿಭಾವಗಳಿಗೆ ಕೊರತೆಯಿಲ್ಲ. ಕೊರತೆಯಿಲ್ಲದಿರುವುದೇ ಚಿತ್ರ ತೆಗೆಯುವವರಿಗೆ ಒದಗಿದ ಅಪಾಯವೆನ್ನಬಹುದು. ದುಃಖವು ತಾನಾಗಿಯೇ ಕೈಗೆ ಸಿಕ್ಕಿದಾಗ ಅದನ್ನು ರಸವನ್ನಾಗಿ ಪಾಕಮಾಡಬೇಕೆಂಬ ಶ್ರಮವು ತಪ್ಪಿಹೋಗುವುದುಂಟು.

1972ರ ಚಿತ್ರವನ್ನು ನಿರ್ದೇಶಿಸಿದವನು ಸಿಡ್ನಿ ಫ್ಯೂರಿ. ನಾಯಿಕೆಯ ಪಾತ್ರವನ್ನು ವಹಿಸಿದವಳು, ಅದುವರೆಗೆ ಗಾಯಕಿಯಾಗಿ ಮಾತ್ರ ಹೆಸರಾಗಿದ್ದ ಡಯಾನಾ ರಾಸ್. ಈಕೆಯ ಅಭಿನಯದಲ್ಲಿ ಮೆಚ್ಚತಕ್ಕ ಗುಣಗಳಿವೆ. ಮುಖ್ಯವಾಗಿ, ಹಾಲಿಡೇಯ ಕಂಠವನ್ನು ಅಣಕಿಸಿ ಒಪ್ಪಿಸುವ ಸುಲಭೋಪಾಯಕ್ಕೆ ಆಕೆ ಕೈಹಾಕಲಿಲ್ಲ. ತನ್ನ ಕಂಠದಲ್ಲಿಯೇ ಹಾಡಿ, ಮೂಲಗಾಯಕಿ ಮಾತನ್ನು ಒಡೆದು ಕೂಡಿಸುತ್ತಿದ್ದ ಬಗೆಯನ್ನಷ್ಟೇ ನೆನಪಿಗೆ ತಂದಳು. ಆಕೆಯ ಹೆಸರೂ ಸೇರಿ ಚಿತ್ರವು ಐದು ಆಸ್ಕರ್ ಪ್ರಶಸ್ತಿಗಳಿಗೆ ಸೂಚಿತವಾದುದು ಅನುಚಿತವಲ್ಲ.

ಆದರೆ ಕಥಾಸಂವಿಧಾನದಲ್ಲಿ ಮಾಡಿರುವ ಮಾರ್ಪಾಟುಗಳನ್ನು ಹೀಗೆ ಒಪ್ಪುವಂತಿಲ್ಲ. ಹಾಲಿಡೇ 1941ರಲ್ಲಿ ಜಿಮ್ಮಿ ಮನ್ರೋನನ್ನೂ 1957ರಲ್ಲಿ ಲೂಯಿ ಮೆಕೇಯನ್ನೂ ಮದುವೆಯಾದಳು. ನಡುವೆ ಬೇರೆ ಸಂಬಂಧಗಳೂ ಇದ್ದುವು. ಚಿತ್ರದಲ್ಲಿ ಇವರೆಲ್ಲರೂ ಅಳಿಸಿಹೋಗಿ ಮೆಕೇ ಒಬ್ಬನೇ ಉಳಿದಿರುವನು. ಅವನು ಆಕೆಯ ಮೊದಲ ದಿನಗಳಿಂದಲೇ ಜೊತೆಗಿರುವನು. ಸುಂದರನು, ಧೀರನು, ಬಿದ್ದಾಗಲೆಲ್ಲ ಎತ್ತಿ ಹಿಡಿಯುವ ಆಪದ್ಬಾಂಧವನು. ನಿಜವಾದ ಮೆಕೇ ಆಕೆಯನ್ನು ಹೊಡೆಯುತ್ತಿದ್ದನೆಂದೂ ಆಕೆಯ ಗಳಿಕೆಯನ್ನು ತನ್ನ ವಶದಲ್ಲಿಟ್ಟುಕೊಂಡಿದ್ದನೆಂದೂ ಜೀವನಚರಿತ್ರೆಗಳು ಹೇಳುತ್ತವೆ. ಈ ಚಿತ್ರಕ್ಕೆ ಸಲಹೆಗಾರನಾಗಿದ್ದವನು ಅದೇ ಮೆಕೇ. ಅರಿಕೇಸರಿಯನ್ನು ಅರ್ಜುನನಲ್ಲಿ ಕಂಡ ಪಂಪನಿಗೂ ಆಶ್ರಯದಾತನ ಮುಲಾಜು ಇದ್ದಿತೆಂದು ಇಲ್ಲಿ ಯಾರಾದರೂ ಹೇಳಬಹುದು. ಪಂಪನು ಮಾರ್ಪಡಿಸಿದುದು ಪುರಾಣಕಥೆಯನ್ನು. ಮಾರ್ಪಡಿಸಿ ಕಟ್ಟಿದುದು ಮಹಾಕಾವ್ಯವನ್ನು. ಇಲ್ಲಿ ಮಾರ್ಪಟ್ಟುದು, ಸತ್ತು ಹದಿಮೂರು ವರ್ಷವಷ್ಟೇ ಆಗಿದ್ದ, ಮರುಮಾತನಾಡಲಾರದ ಹೆಂಗಸೊಬ್ಬಳ ಬಾಳು. ಅಲ್ಲದೆ ಈ ಮಾರ್ಪಾಟಿನಿಂದ ರಸಕ್ಕೂ ಲಾಭವಾಗಲಿಲ್ಲ. ಕಾಪಾಡುವವನು ಸದಾ ಪಕ್ಕದಲ್ಲಿರುವಾಗ, ಬೀಳುವವಳ ಪತನಕ್ಕೆ ಆಕೆಯ ದೌರ್ಬಲ್ಯವೊಂದೇ ಕಾರಣವಾಗಿ ತೋರುವುದು. ನೋಟಕನಿಗೆ ಉಂಟಾಗುವುದು ಕರುಣೆಯಲ್ಲ, ಕನಿಕರ. ಕನಿಕರದಲ್ಲಿ ನೋಡುವವನು ತುಸು ಮೇಲೆಯೇ ನಿಂತಿರುತ್ತಾನೆ.

ಎರಡನೆಯ ಮಾರ್ಪಾಟು ಇನ್ನೂ ಗಂಭೀರವಾದುದು. ಮೇಳದೊಡನೆ ದಕ್ಷಿಣ ಪ್ರಾಂತಗಳಲ್ಲಿ ಸಂಚರಿಸುತ್ತಿದ್ದ ನಾಯಿಕೆ ಮರಕ್ಕೆ ತೂಗುಬಿದ್ದ ಹೆಣವೊಂದನ್ನು ಕಣ್ಣಾರೆ ಕಾಣುವಳು. ಅದರ ಬೆನ್ನಿಗೇ ‘ಸ್ಟ್ರೇಂಜ್ ಫ್ರೂಟ್’ ಕೇಳಿಬರುವುದು. ವಾಸ್ತವದಲ್ಲಿ ಆ ಪದ್ಯವನ್ನು ಬರೆದವನು ಏಬಲ್ ಮಿರೊಪೋಲ್ ಎಂಬ ನ್ಯೂಯಾರ್ಕಿನ ಉಪಾಧ್ಯಾಯ. ಅದು 1937ರಲ್ಲಿ ಉಪಾಧ್ಯಾಯರ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. ಹಾಲಿಡೇ ಅದನ್ನು ಹಾಡಿದುದು ಕೆಫೆ ಸೊಸೈಟಿ ಎಂಬ ಸ್ಥಳದಲ್ಲಿ. ಅದು ಆಕೆಯ ಕೊನೆಯ ಹಾಡಾಗಿರುತ್ತಿತ್ತು. ಪರಿಚಾರಕರು ಬಡಿಸುವುದನ್ನು ನಿಲ್ಲಿಸುತ್ತಿದ್ದರು. ದೀಪಗಳೆಲ್ಲ ಆರಿ ಆಕೆಯ ಮುಖದ ಮೇಲೆ ಮಾತ್ರ ಬೆಳಕು ನಿಲ್ಲುತ್ತಿತ್ತು. ಹಾಡು ಮುಗಿದಮೇಲೆ ಕರೆದರೂ ಆಕೆ ಮತ್ತೆ ಬರುತ್ತಿರಲಿಲ್ಲ. ಕೊಲಂಬಿಯಾ ಕಂಪೆನಿಯವರು ಅದನ್ನು ಮುದ್ರಿಸಲು ಒಪ್ಪದಿದ್ದಾಗ ಕಮೊಡೋರ್ ಎಂಬ ಸಣ್ಣ ಸಂಸ್ಥೆಯ ಮೂಲಕ ಅದು ಹೊರಬಂದಿತು. 1937ರಲ್ಲಿ ತನ್ನ ತಂದೆಯು ವರ್ಣಭೇದದ ದೆಸೆಯಿಂದ ಸಕಾಲದಲ್ಲಿ ಚಿಕಿತ್ಸೆ ದೊರೆಯದೆ ಸತ್ತುದನ್ನು ಈ ಹಾಡು ನೆನಪಿಗೆ ತರುತ್ತಿದ್ದಿತೆಂದು ಆಕೆ ಆತ್ಮಕಥೆಯಲ್ಲಿ ಹೇಳಿಕೊಂಡಿರುವಳು. ಇಷ್ಟೆಲ್ಲ ಇದ್ದಮೇಲೆ ಕಣ್ಣಾರೆ ಕಂಡ ಹೆಣದ ಆವಶ್ಯಕತೆ ಎಲ್ಲಿಯದು? ಪರರ ಪದ್ಯವೊಂದನ್ನು ಆರಿಸಿ, ಅದಕ್ಕೆ ತಕ್ಕ ಮೌನವನ್ನೂ ಕತ್ತಲೆಯನ್ನೂ ಸಿದ್ಧಪಡಿಸಿ ತನ್ನದನ್ನಾಗಿ ಮಾಡಿಕೊಂಡುದು ವಿವೇಕದ ಕೆಲಸ, ಕಲಾವಿದೆಯ ಕೆಲಸ. ಚಿತ್ರವು ಅದನ್ನು ಬೆಚ್ಚಿದವಳ ಕೂಗನ್ನಾಗಿ ಮಾಡಿತು.

2021ರ ಚಿತ್ರದ ನಿರ್ದೇಶಕನು ಲೀ ಡೇನಿಯಲ್ಸ್. ನಾಯಿಕೆ ಆಂಡ್ರಾ ಡೇ. ಹಿಂದಿನ ಚಿತ್ರವು ಮುಚ್ಚಿಟ್ಟುದನ್ನು ಇದು ಬಯಲಿಗೆ ತಂದಿತು. 1930ರಿಂದ 1962ರವರೆಗೆ ಅಮೆರಿಕದ ಮಾದಕದ್ರವ್ಯ ನಿಯಂತ್ರಣ ಇಲಾಖೆಯ ಮುಖ್ಯಾಧಿಕಾರಿಯಾಗಿದ್ದ ಹ್ಯಾರಿ ಆನ್ಸ್ಲಿಂಗರನು ಇಲ್ಲಿ ಪ್ರತಿನಾಯಕನು. ಗಂಡಂದಿರೂ ತಮ್ಮ ನಿಜರೂಪದಲ್ಲಿಯೇ ಕಾಣುವರು. ‘ಸ್ಟ್ರೇಂಜ್ ಫ್ರೂಟ್’ ಹಾಡೇ ಸರಕಾರದ ಕಿರುಕುಳಕ್ಕೆ ಮೂಲವೆಂಬ ಚಿತ್ರದ ವಾದವನ್ನು ಚರಿತ್ರಕಾರರೆಲ್ಲರೂ ಒಪ್ಪುವುದಿಲ್ಲ. ಆದರೂ ರೋಗಿಯಾದವಳನ್ನು ಅಪರಾಧಿಯೆಂದು ಬೆನ್ನಟ್ಟಿದ ಅನ್ಯಾಯವನ್ನು ತೋರಿಸುವುದರಲ್ಲಿ ಚಿತ್ರವು ಸಫಲವಾಗಿದೆ. ಆಂಡ್ರಾ ಡೇ ಆ ಹಾಡನ್ನು ಒಪ್ಪಿಸುವಾಗ ಚಿತ್ರಯಂತ್ರವು ಅತ್ತಿತ್ತ ಅಲೆಯದೆ ಆಕೆಯ ಮುಖದ ಮೇಲೆಯೇ ನಿಲ್ಲುವುದು. ಚಿತ್ರದಲ್ಲೆಲ್ಲ ಶ್ರೇಷ್ಠವಾದ ಘಳಿಗೆ ಅದೇ.

ಆದರೆ ಅದಕ್ಕೆ ಮುನ್ನ ಇಲ್ಲಿಯೂ ಹತ್ಯೆಯ ದೃಶ್ಯವೊಂದಕ್ಕೆ ನಾಯಿಕೆಯನ್ನು ಸಾಕ್ಷಿಯನ್ನಾಗಿ ನಿಲ್ಲಿಸಲಾಗಿದೆ. ಆಕೆಯನ್ನು ಹಿಡಿಯಬಂದ ಅಧಿಕಾರಿ ಜಿಮ್ಮಿ ಫ್ಲೆಚರನೊಡನೆ ದೀರ್ಘಪ್ರಣಯವೊಂದನ್ನು ಕಲ್ಪಿಸಲಾಗಿದೆ. ಮೆಕೇ ತೆರವು ಮಾಡಿದ ಸ್ಥಾನದಲ್ಲಿ ಮತ್ತೊಬ್ಬ ಉದ್ಧಾರಕನು ಬಂದು ಕುಳಿತನು. ಸೂಜಿಯ ಚುಚ್ಚು, ಹೊಡೆತ, ರಕ್ತ ಇವು ಮತ್ತೆ ಮತ್ತೆ ಬಂದು, ನೋಟಕನ ಹೃದಯವು ಕರಗುವುದಕ್ಕೆ ಬದಲಾಗಿ ಮರಗಟ್ಟುವುದು.

ಎರಡು ಚಿತ್ರಗಳಲ್ಲಿಯೂ ಮುಖ್ಯವಾದ ಲೋಪವೊಂದೇ: ಆಕೆ ಹಾಡುವುದನ್ನು ಕಲಿತುದು ಹೇಗೆಂಬುದು ಎಲ್ಲಿಯೂ ಕಾಣುವುದಿಲ್ಲ. ಹಾಲಿಡೇಯ ಕಂಠದ ವ್ಯಾಪ್ತಿ ಒಂದು ಸ್ಥಾಯಿಗಿಂತ ಹೆಚ್ಚೇನೂ ಇರಲಿಲ್ಲ, ಅಬ್ಬರವೂ ಇರಲಿಲ್ಲ. ತಾಳದ ಹೊಡೆತಕ್ಕೆ ತುಸು ಹಿಂದುಳಿದು ಮಾತನ್ನು ಇಡುವುದು ಆಕೆಯ ರಹಸ್ಯವಾಗಿದ್ದಿತು. ಅನಾಗತ ಎಡುಪಿನಲ್ಲಿ ಪಲ್ಲವಿಯನ್ನು ಎತ್ತಿಕೊಳ್ಳುವುದನ್ನು ಕೇಳಿ ಬಲ್ಲವರಿಗೆ ಇದರ ಸೊಗಸು ಒಂದಿಷ್ಟು ಊಹೆಗೆ ಬಂದೀತು. ಆಕೆಗೆ ‘ಲೇಡಿ ಡೇ’ ಎಂಬ ಹೆಸರಿತ್ತ ಲೆಸ್ಟರ್ ಯಂಗನು ಸ್ಯಾಕ್ಸಫೋನಿನಲ್ಲಿ ಅನುಸರಿಸುವಾಗ ಹಾಡು ಇಬ್ಬರ ಸಂಭಾಷಣೆಯಾಗಿ ನಡೆಯುತ್ತಿದ್ದಿತು. 1972ರ ಚಿತ್ರದಲ್ಲಿ ಈ ಯಂಗನೇ ಇಲ್ಲ. 2021ರದರಲ್ಲಿ ಇದ್ದರೂ ಬದಿಗೆ ಸರಿದಿರುವನು. ಇದರ ಫಲವಾಗಿ, ನೋವೇ ಹಾಡನ್ನು ಹಾಡಿಸಿತು, ಮಾದಕದ್ರವ್ಯವೇ ಅದನ್ನು ನಿಲ್ಲಿಸಿತು ಎಂಬ ಭ್ರಾಂತಿ ಉಳಿಯುವುದು. ಆಕೆಯಷ್ಟೇ ನೊಂದವರು ಆ ಬೀದಿಗಳಲ್ಲಿ ಸಾವಿರಾರು ಮಂದಿ ಇದ್ದರು. ಹಾಗೆ ಹಾಡಿದವಳು ಒಬ್ಬಳೇ. ಆ ವ್ಯತ್ಯಾಸವನ್ನು ವಿವರಿಸದ ಚರಿತ್ರೆಯು ರೋಗದ ಚರಿತ್ರೆಯಾದೀತೇ ಹೊರತು ಗಾಯಕಿಯ ಚರಿತ್ರೆಯಾಗದು.

1957ರ ಡಿಸೆಂಬರಿನಲ್ಲಿ ಅಮೆರಿಕದ ದೂರದರ್ಶನವೊಂದರಲ್ಲಿ ಹಾಲಿಡೇ ತಾನೇ ರಚಿಸಿದ ‘ಫೈನ್ ಅಂಡ್ ಮೆಲ್ಲೊ’ ಎಂಬ ಹಾಡನ್ನು ಹಾಡಿದ ಚಿತ್ರಣವು ಸುದೈವದಿಂದ ಉಳಿದುಬಂದಿದೆ. ಅನಾರೋಗ್ಯದಿಂದ ಕುಗ್ಗಿದ್ದ ಲೆಸ್ಟರ್ ಯಂಗನು ಎದ್ದು ಕೆಲವೇ ಸ್ವರಗಳನ್ನು ನುಡಿಸುವನು. ಆಕೆ ತಲೆದೂಗುತ್ತ, ಮುಗುಳ್ನಗುತ್ತ, ಒಂದೊಂದು ಸ್ವರವನ್ನೂ ಬರಮಾಡಿಕೊಳ್ಳುವವಳಂತೆ ಅವನನ್ನು ನೋಡುವಳು. 1959ರ ಮಾರ್ಚಿಯಲ್ಲಿ ಅವನು ತೀರಿಕೊಂಡನು. ನಾಲ್ಕು ತಿಂಗಳಿಗೆ ಆಕೆಯೂ ಹೋದಳು. ಆ ಕೆಲವು ನಿಮಿಷಗಳಲ್ಲಿ ಸೂಜಿಯಿಲ್ಲ, ಸೆರೆಮನೆಯಿಲ್ಲ, ಉದ್ಧಾರಕನಿಲ್ಲ. ಬಲ್ಲವಳೊಬ್ಬಳು ಬಲ್ಲವನೊಬ್ಬನನ್ನು ಕೇಳುತ್ತಿರುವಳು, ಅಷ್ಟೇ. ಮುಂದೆ ಈಕೆಯ ಚರಿತ್ರೆಯನ್ನು ಚಿತ್ರಿಸಬಯಸುವವರು ಆರಂಭಿಸಬೇಕಾದುದು ಅಲ್ಲಿಂದ. ಈ ಎರಡು ಚಿತ್ರಗಳನ್ನು ನೋಡಬೇಕೆಂದಿರುವ ವಾಚಕರೂ ಮೊದಲು ಅದನ್ನು ಕಂಡು ಕೇಳಿ, ಅನಂತರ ಚಿತ್ರಗಳ ಕಡೆಗೆ ಹೋಗುವುದು ಮೇಲು.