ಅತ್ತಿಗೆ, ನಾದಿನಿ, ಓರಗಿತ್ತಿಯರ ಅಡುಗೆಮನೆ

ಫ್ರೆಂಚರಿಗೆ ಅಣ್ಣನ ಹೆಂಡತಿಯೂ ಗಂಡನ ತಂಗಿಯೂ ಗಂಡನ ತಮ್ಮನ ಹೆಂಡತಿಯೂ ಒಂದೇ: ಬೆಲ್-ಸೊರ್. ಪದ ಬಿಡಿಸಿದರೆ ‘ಚೆಲುವಾದ ಸಹೋದರಿ’. ನಮ್ಮಲ್ಲಿ ಅತ್ತಿಗೆ ಬೇರೆ, ನಾದಿನಿ ಬೇರೆ, ಓರಗಿತ್ತಿ ಬೇರೆ. ಒಬ್ಬೊಬ್ಬಳ ಜೊತೆಗೂ ಒಂದೊಂದು ಬಗೆಯ ಜಗಳ. ಹಾಗಾಗಿ ಕೆನಡಾದ ಫ್ರೆಂಚ್ ನಾಟಕಕಾರ ಮಿಶೆಲ್ ಟ್ರಾಂಬ್ಲೆಯ ‘ಲೆ ಬೆಲ್-ಸೊರ್’ ನಾಟಕವನ್ನು ಕನ್ನಡಕ್ಕೆ ತರಹೊರಟವರು ಹೆಸರಿನಲ್ಲೇ ಎಡವುತ್ತಾರೆ. ಇಂಗ್ಲಿಷಿನವರು ಆ ತಂಟೆಗೇ ಹೋಗದೆ ಫ್ರೆಂಚ್ ಹೆಸರನ್ನೇ ಉಳಿಸಿಕೊಂಡರು. ನಾನು ಮೊದಲು ಓದಿದ್ದು ಆ ಇಂಗ್ಲಿಷ್ ಪ್ರತಿಯನ್ನು. ಅವನ ನಾಡಾದ, ಫ್ರೆಂಚ್ ನುಡಿಯ ಕ್ವಿಬೆಕ್ ಎಂಬ ಪ್ರಾಂತ್ಯದ ಜನ ಎಂಥವರು ಎಂದು ಯಾರಾದರೂ ಕೇಳಿದರೆ ಭೂಪಟಕ್ಕಿಂತ ಮೊದಲು ನಾನು ತೋರಿಸುವುದು ಈ ನಾಟಕದ ಅಡುಗೆಮನೆಯನ್ನು. ಅದು ಏನನ್ನು ತೋರಿಸುತ್ತದೆ, ಏನನ್ನು ಮರೆಮಾಚುತ್ತದೆ ಎಂಬ ಲೆಕ್ಕವನ್ನೂ ಜೊತೆಗೇ ಒಪ್ಪಿಸಬೇಕು.

ಕಥೆ ಸರಳ. ಮಾಂಟ್ರಿಯಲ್‌ನ ಕೂಲಿಕಾರರ ಕೇರಿಯ ಜರ್ಮೇನ್ ಲೋಜೋ ಎಂಬ ಗೃಹಿಣಿಗೆ ಲಾಟರಿ ಹೊಡೆದ ಹಾಗೆ ಹತ್ತು ಲಕ್ಷ ಸ್ಟಾಂಪು ಬಂದಿದೆ. ಅಂಚೆಯವಲ್ಲ, ದಿನಸಿ ಅಂಗಡಿಗಳು ಸಾಮಾನಿನ ಜೊತೆ ಕೊಡುತ್ತಿದ್ದ ಬಹುಮಾನದ ಸ್ಟಾಂಪುಗಳು. ಪುಸ್ತಿಕೆಗೆ ಅಂಟಿಸಿ ಒಪ್ಪಿಸಿದರೆ ಕ್ಯಾಟಲಾಗಿನಲ್ಲಿರುವ ಕುರ್ಚಿ, ದೀಪ, ಪಾತ್ರೆ ಎಲ್ಲ ಮನೆಗೆ ಬರುತ್ತವೆ. ಅಷ್ಟನ್ನು ಒಬ್ಬಳೇ ಅಂಟಿಸುವುದುಂಟೇ? ತಂಗಿಯರು, ನೆರೆಹೊರೆಯವರು ಎಲ್ಲರನ್ನೂ ಜರ್ಮೇನ್ ಕರೆಯುತ್ತಾಳೆ. ರಂಗದ ಮೇಲೆ ಹದಿನೈದು ಹೆಂಗಸರು, ಗಂಡಸು ಒಬ್ಬನೂ ಇಲ್ಲ. ಎಂಜಲು ಹಚ್ಚಿ ಅಂಟಿಸುತ್ತ ಅಂಟಿಸುತ್ತ ಒಬ್ಬೊಬ್ಬಳೂ ಪುಸ್ತಿಕೆಗಳನ್ನು ತನ್ನ ಚೀಲಕ್ಕೆ ಇಳಿಸತೊಡಗುತ್ತಾಳೆ.

ಇದು ರಂಗಕ್ಕೆ ಬಂದದ್ದು 1968ರ ಆಗಸ್ಟ್ 28ರಂದು, ಮಾಂಟ್ರಿಯಲ್‌ನ ರಿದೋ ವೇರ್ ರಂಗಮಂದಿರದಲ್ಲಿ, ಆಂದ್ರೆ ಬ್ರಾಸಾರ್ ನಿರ್ದೇಶನದಲ್ಲಿ. ಬರೆದಾಗ ಟ್ರಾಂಬ್ಲೆಗೆ ಇಪ್ಪತ್ತಮೂರು. ಅಚ್ಚುಮೊಳೆ ಜೋಡಿಸುವ ಕೆಲಸ ಮಾಡಿದವನು. ಅಡುಗೆಮನೆಯಲ್ಲಿ ಹೆಂಗಸರ ಮಾತು ಕೇಳುತ್ತ ಫಾಬ್ರ್ ಬೀದಿಯಲ್ಲಿ ಬೆಳೆದವನು.

ಅದಕ್ಕೂ ಮೊದಲು ಹೊರಗಿನವರಿಗೆ ಕ್ವಿಬೆಕ್ ಎಂದರೆ ಮುಖ್ಯವಾಗಿ ‘ಮಾರಿಯಾ ಶಾಪ್‌ದಲೇನ್’ ಕಾದಂಬರಿ. ಬರೆದ ಲೂಯಿ ಎಮೊ ಫ್ರಾನ್ಸಿನ ಬ್ರೆಸ್ಟ್ ಊರಿನವನು. 1912ರಲ್ಲಿ ಪೆರಿಬೋಂಕಾ ಹಳ್ಳಿಯ ಹೊಲದಲ್ಲಿ ಕೆಲವು ತಿಂಗಳು ಆಳಾಗಿ ದುಡಿದ. ಮರುವರ್ಷ ಒಂಟಾರಿಯೊದಲ್ಲಿ ರೈಲಿಗೆ ಸಿಕ್ಕಿ ಸತ್ತ. ಪುಸ್ತಕ ಹೊರಬಂದದ್ದನ್ನು ನೋಡಲಿಲ್ಲ. ಹಿಮ, ಕಾಡು, ಜಪಮಾಲೆ, ಸಹನೆಯೇ ಮೂರ್ತಿವೆತ್ತಂಥ ಹುಡುಗಿ. ಪ್ರೀತಿಸಿದವನು ಹಿಮದಲ್ಲಿ ಕಳೆದುಹೋದ ಮೇಲೆ, ಅಮೆರಿಕಕ್ಕೆ ಕರೆದೊಯ್ಯುತ್ತೇನೆಂದವನನ್ನು ಒಲ್ಲೆನೆಂದು ಅವಳು ಪಕ್ಕದ ಹೊಲದವನನ್ನೇ ಒಪ್ಪಿ ನೆಲಕ್ಕಂಟಿ ಉಳಿಯುತ್ತಾಳೆ. ಬರವಣಿಗೆ ಚೆನ್ನಾಗಿದೆ, ಸುಳ್ಳೆನ್ನಲಾರೆ. ಆದರೆ ನೆಂಟರ ಮನೆಗೆ ಒಂದು ಬೇಸಿಗೆಗೆ ಬಂದವನು ಹಜಾರದಲ್ಲೇ ಕೂತು ಆ ಮನೆಯನ್ನು ಹೊಗಳಿದಂತಿದೆ. ಟ್ರಾಂಬ್ಲೆ ಹಿತ್ತಲ ಬಾಗಿಲಿಂದ ಒಳಗೆ ಕರೆದೊಯ್ಯುತ್ತಾನೆ. ಅಲ್ಲಿ ಮಾರಿಯಾಳ ಮೊಮ್ಮಕ್ಕಳಾಗಬಹುದಾದವರು ಬಾಡಿಗೆ ಮನೆಯ ಮೂರನೆಯ ಮಹಡಿಯಲ್ಲಿ ಬಿಂಗೊ ಆಟದ ಕನಸು ಕಾಣುತ್ತಿದ್ದಾರೆ.

1968ರಲ್ಲಿ ಗದ್ದಲ ಎದ್ದದ್ದು ಕಥೆಗಲ್ಲ, ಭಾಷೆಗೆ. ಆ ಹೆಂಗಸರು ಆಡುವುದು ಜುವಾಲ್. ಕುದುರೆಗೆ ಫ್ರೆಂಚಿನಲ್ಲಿ ‘ಶವಾಲ್’. ಮಾಂಟ್ರಿಯಲ್ ಕೇರಿಯ ಬಾಯಲ್ಲಿ ಅದು ‘ಜುವಾಲ್’ ಆಯಿತೆಂದು ಹಂಗಿಸಿ, ಆ ಹಂಗನ್ನೇ ಇಡೀ ಆಡುಮಾತಿಗೆ ಹೆಸರಾಗಿ ಅಂಟಿಸಿದರು. 1960ರಲ್ಲಿ ಝಾನ್-ಪೋಲ್ ದೆಬಿಯೆ ಎಂಬ ಪಾದ್ರಿ ಶಾಲೆಯ ಮೇಷ್ಟ್ರು ಹೆಸರು ಮರೆಸಿಕೊಂಡು ಬರೆದ ಪುಸ್ತಕ ಈ ಮಾತಿನ ಮೇಲೆ ಹರಿಹಾಯ್ದು ಲಕ್ಷಕ್ಕೂ ಹೆಚ್ಚು ಪ್ರತಿ ಮಾರಾಟವಾಯಿತು. ಮೇಷ್ಟ್ರ ಸಂಕಟ ಸುಳ್ಳಲ್ಲ. ಯಂತ್ರದ ಬಿಡಿಭಾಗ, ಮೇಸ್ತ್ರಿ, ಸಂಬಳ, ರಜೆ ಎಲ್ಲಕ್ಕೂ ಇಂಗ್ಲಿಷ್ ಪದ. ಏಕೆಂದರೆ ಕಾರ್ಖಾನೆ ಇಂಗ್ಲಿಷರದ್ದು. 1961ರ ಅಂಕಿಗಳನ್ನು ಹಿಡಿದು ಕೆನಡಾದ ದ್ವಿಭಾಷಾ ಆಯೋಗ ಲೆಕ್ಕ ಹಾಕಿದಾಗ, ಕ್ವಿಬೆಕ್‌ನಲ್ಲೇ ಫ್ರೆಂಚ್ ಮೂಲದ ಗಂಡಸರ ಸರಾಸರಿ ಆದಾಯ ಹದಿನಾಲ್ಕು ಜನಾಂಗಗಳಲ್ಲಿ ಹನ್ನೆರಡನೆಯದು. ಬಹುಸಂಖ್ಯಾತರು, ಮನೆಯೊಡೆಯರು, ಪಂಕ್ತಿಯಲ್ಲಿ ಮಾತ್ರ ಕೊನೆಯಂಚಿನ ಎಲೆ.

ಆದರೆ ಮೇಷ್ಟ್ರ ಕಿವಿಗೆ ಬೀಳದ ಒಂದು ಸಂಗತಿಯಿದೆ. ಜರ್ಮೇನ್ ‘ನಾನು’ ಎನ್ನಲು ‘ಮುಆ’ ಎನ್ನದೆ ‘ಮ್ವೇ’ ಎನ್ನುವುದು ಕೆಟ್ಟುಹೋದ ಫ್ರೆಂಚಲ್ಲ, ಹಳೆಯ ಫ್ರೆಂಚು. ಹದಿನೇಳನೆಯ ಶತಮಾನದಲ್ಲಿ ದೊರೆಯ ಆಸ್ಥಾನದಲ್ಲೇ ಆ ಉಚ್ಚಾರವಿತ್ತು. ವಲಸೆಗಾರರು ಅದನ್ನು ಹೊತ್ತು ಅಟ್ಲಾಂಟಿಕ್ ದಾಟಿದರು. 1763ರ ಒಪ್ಪಂದದಲ್ಲಿ ಫ್ರಾನ್ಸು ಅವರನ್ನು ಬ್ರಿಟಿಷರಿಗೆ ಒಪ್ಪಿಸಿ ಕೈತೊಳೆದುಕೊಂಡಿತು. ಆಮೇಲೆ ಪ್ಯಾರಿಸ್ ತನ್ನ ಉಚ್ಚಾರ ಬದಲಿಸಿಕೊಂಡು, ಇವರದ್ದು ಅಶುದ್ಧ ಎಂದಿತು.

ಈ ನೋವನ್ನು ಟ್ರಾಂಬ್ಲೆ ಭಾಷಣ ಮಾಡಿ ಹೇಳುವುದಿಲ್ಲ, ಲಿಸೆಟ್ ದ ಕುರ್ವಾಲ್ ಎಂಬ ಪಾತ್ರಕ್ಕೆ ಒಪ್ಪಿಸಿಬಿಡುತ್ತಾನೆ. ಅವಳು ಯುರೋಪಿಗೆ ಹೋಗಿ ಬಂದವಳು, ತುಪ್ಪುಳದ ಹೊದಿಕೆ ಹೊದ್ದವಳು. ಅಲ್ಲಿಯವರ ಮಾತಿನ ಸೊಗಸು ಬಣ್ಣಿಸುತ್ತ ಅದೇ ಮಾತಿನಲ್ಲಿ ತಪ್ಪು ಮಾಡುತ್ತಾಳೆ. ಇಡೀ ನಾಟಕದಲ್ಲಿ ನನಗೆ ಅತಿ ಹೆಚ್ಚು ನಗು ಬಂದದ್ದು ಅವಳಿಂದ. ಆ ನಗು ಗಂಟಲಲ್ಲಿ ಸಿಕ್ಕಿಕೊಂಡದ್ದೂ ಅವಳಿಂದಲೇ. ಕಾನ್ವೆಂಟ್ ಇಂಗ್ಲಿಷ್ ಆಡುವ ಚಿಕ್ಕಮ್ಮನನ್ನು ನೋಡಿದ ಯಾರಿಗೂ ಲಿಸೆಟ್ ಹೊಸಬಳಲ್ಲ.

ಕಟ್ಟೋಣದಲ್ಲೂ ಈತ ಜಾಣ. ಹರಟೆ ನಡೆಯುತ್ತಿರುವಾಗ ಥಟ್ಟನೆ ದೀಪ ಮಂಕಾಗಿ ಒಬ್ಬಳ ಮೇಲಷ್ಟೇ ಬೆಳಕು ಬೀಳುತ್ತದೆ. ಅವಳು ಯಾರಿಗೂ ಹೇಳದ್ದನ್ನು ನಮಗೆ ಹೇಳುತ್ತಾಳೆ. ತಿಂಗಳಿಗೊಮ್ಮೆ ಬರುವ ಬ್ರಷ್ ಮಾರಾಟಗಾರನ ಮೇಲೆ ಮನಸ್ಸಿಟ್ಟವಳು ಒಬ್ಬಳು. ಎಲ್ಲರನ್ನೂ ಪೋಲಿ ಮಾತಿನಿಂದ ನಗಿಸುವ ರೋಜ್ ವಿಮೆ ಹಾಸಿಗೆಯ ಬಲವಂತದ ಬಗ್ಗೆ ಬಾಯಿಬಿಟ್ಟಾಗ ಸಭೆಯ ನಗು ನಿಂತುಹೋಗುತ್ತದೆ. ಐವರು ಒಟ್ಟಾಗಿ ಸೋಮವಾರದಿಂದ ಭಾನುವಾರದವರೆಗಿನ ಚಾಕರಿಯನ್ನು ಗ್ರೀಕ್ ನಾಟಕದ ಮೇಳದಂತೆ ಒಪ್ಪಿಸುತ್ತಾರೆ. ಬಿಂಗೊ ಆಟಕ್ಕೂ ಒಂದು ಸ್ತೋತ್ರವಿದೆ. ಸಂಜೆ ಏಳಕ್ಕೆ ರೇಡಿಯೊದಲ್ಲಿ ಜಪ ಶುರುವಾದರೆ ಎಲ್ಲರೂ ಮಂಡಿಯೂರಿ ಕೂರುತ್ತಾರೆ; ಮಾಂಟ್ರಿಯಲ್ ರೇಡಿಯೊದಲ್ಲಿ ಅಂಥ ಕಾರ್ಯಕ್ರಮ ನಿಜಕ್ಕೂ 1950ರಿಂದ ಇಪ್ಪತ್ತು ವರ್ಷ ನಡೆಯಿತು. ಚರ್ಚಿನ ಹಿಡಿತ ಸಡಿಲವಾದ ಮೇಲೆ ಆ ಪ್ರಾಂತ್ಯದ ಬೈಗುಳಗಳೇನಾಗಿ ಉಳಿದವೆಂದು ಗೊತ್ತೇ? ತಬರ್ನಾಕ್, ಕಾಲಿಸ್, ಓಸ್ತಿ: ಪೂಜಾಪೆಟ್ಟಿಗೆ, ಪೂಜಾಪಾತ್ರೆ, ಪ್ರಸಾದದ ರೊಟ್ಟಿ. ಗರ್ಭಗುಡಿಯ ಸಾಮಾನೆಲ್ಲ ಬೀದಿಗೆ ಬಂದುಬಿಟ್ಟಿತು.

ಹಾಗೆಂದು ನಾಟಕ ನಿರ್ದೋಷಿಯಲ್ಲ. ಮುದುಕಿ ಒಲಿವಿನ್‌ಗೆ ತೊಂಬತ್ತಮೂರು. ಸೊಸೆ ಅವಳ ತಲೆಗೆ ಮೊಟಕಿದಾಗೆಲ್ಲ ನಗು ಹುಟ್ಟಬೇಕೆಂಬ ನಿರೀಕ್ಷೆ ಎರಡನೆಯ ಸಲಕ್ಕೇ ಹಳಸುತ್ತದೆ. ಕ್ಲಬ್ಬಿನಲ್ಲಿ ದುಡಿದು ಜಾನಿ ಎಂಬವನಿಂದ ಹೊರದಬ್ಬಿಸಿಕೊಂಡ ಪಿಯೆರೆಟ್, ಬಸುರಾಗಿ ದಿಕ್ಕೆಟ್ಟ ಹುಡುಗಿ ಲೀಸ್, ಇವರ ಕಥೆಗಳು ಆ ಕಾಲದ ಸಿನಿಮಾದಿಂದ ಎದ್ದುಬಂದಂತಿವೆ. ಹೆಂಗಸರ ಮೇಲೆ ಲೇಖಕನಿಗೆ ಕರುಣೆಯೋ ತಾತ್ಸಾರವೋ ಎಂದು ಆಗ ಕೇಳಿದರು, ಈಗಲೂ ಕೇಳಬಹುದು. ನನ್ನ ಉತ್ತರ: ಗುಂಪಿನಲ್ಲಿದ್ದಾಗ ತಾತ್ಸಾರ, ಒಂಟಿಯಾಗಿದ್ದಾಗ ಕರುಣೆ. ಆ ಎರಡರ ನಡುವಿನ ಸೇತುವೆಯನ್ನು ಅವನು ಕಟ್ಟಲಿಲ್ಲ. ಕ್ವಿಬೆಕ್‌ನ ಹೆಂಗಸರಿಗೆ ಪ್ರಾಂತ್ಯದ ಮತ ಸಿಕ್ಕಿದ್ದು 1940ರಲ್ಲಿ. ಗಂಡನ ಸಹಿಯಿಲ್ಲದೆ ವ್ಯವಹಾರ ಮಾಡುವ ಹಕ್ಕು ಮದುವೆಯಾದವಳಿಗೆ ಬಂದದ್ದು 1964ರಲ್ಲಿ. ಮರುವರ್ಷವೇ ಬರೆದ ಈ ನಾಟಕದಲ್ಲಿ ಅದರ ಗಾಳಿಯೂ ಸುಳಿಯುವುದಿಲ್ಲ. ಕೇರಿಗೆ ಕಾನೂನು ಅಷ್ಟು ಬೇಗ ತಲುಪದು ಎಂದು ಅವನ ಪರ ವಾದಿಸಬಹುದು.

ಆ 1964ರ ಮಸೂದೆ ತಂದವರು ಕ್ಲೇರ್ ಕರ್ಕ್‌ಲಂಡ್-ಕಾಸ್ಗ್ರೇನ್, ಪ್ರಾಂತ್ಯದ ಶಾಸನಸಭೆಗೆ ಆಯ್ಕೆಯಾದ ಮೊದಲ ಮಹಿಳೆ. ಸಂಸ್ಕೃತಿ ಮಂತ್ರಿಯಾಗಿದ್ದಾಗ, 1972ರಲ್ಲಿ, ಈ ನಾಟಕವನ್ನು ಪ್ಯಾರಿಸ್‌ಗೆ ಒಯ್ಯಲು ದುಡ್ಡು ಕೊಡಲೊಲ್ಲದವರೂ ಅವರೇ. ಹೆಂಗಸರಿಗೆ ಸಹಿ ಹಾಕುವ ಹಕ್ಕು ಕೊಡಿಸಿದವರಿಗೆ ಅವರ ಬಾಯಿಯ ಮಾತು ಪರದೇಶದ ಮುಂದೆ ಮುಜುಗರವೆನಿಸಿತು. ಮರುವರ್ಷ ನಾಟಕ ಪ್ಯಾರಿಸ್ ತಲುಪಿತು, ಮೆಚ್ಚುಗೆಯನ್ನೂ ಪಡೆಯಿತು.

ಅನುವಾದಗಳಲ್ಲಿ ನನಗೆ ಪಾಠ ಕಲಿಸಿದ್ದು ಸ್ಕಾಟ್ಲೆಂಡಿನದು. ಮಾರ್ಟಿನ್ ಬೋಮನ್, ಬಿಲ್ ಫಿಂಡ್ಲೆ ಇದನ್ನು ಗ್ಲಾಸ್ಗೊ ಬೀದಿಯ ಸ್ಕಾಟ್ಸ್ ಮಾತಿಗೆ ತಂದರು, 1989ರಲ್ಲಿ ರಂಗವೇರಿತು. ಶಿಷ್ಟ ಇಂಗ್ಲಿಷಿನಲ್ಲಿ ಬರೀ ಜಗಳಗಂಟಿಯರಾಗಿ ಕಂಡ ಹೆಂಗಸರು ಸ್ಕಾಟ್ಸ್‌ನಲ್ಲಿ ಮನುಷ್ಯರಾದರು; ಅದೂ ದೊಡ್ಡ ನೆರೆಯವನ ಮುಂದೆ ನಾಚಿಕೆ ಕಲಿತ ನುಡಿ. ಕನ್ನಡಕ್ಕೆ ತಂದರೆ ಯಾವ ಕನ್ನಡ? ಕೈಲಾಸಂ ನಾಟಕಗಳ ಇಂಗ್ಲಿಷ್ ಬೆರೆತ ಕನ್ನಡದ ಮಾದರಿ ನೆನಪಾಗುವುದು ಸಹಜ, ಆದರೆ ಅದು ಒದಗದು. ಅವರ ಪಾತ್ರಗಳ ಇಂಗ್ಲಿಷ್ ಓದಿದವರ ಠೀವಿ. ಜರ್ಮೇನ್‌ಳ ಇಂಗ್ಲಿಷ್ ಓದದವಳ ಗಾಯ. ಬೆಂಗಳೂರಿನ ಗಾರ್ಮೆಂಟ್ ಫ್ಯಾಕ್ಟರಿಯಿಂದ ಹೊರಬರುವ ಹೆಂಗಸರ ‘ಶಿಫ್ಟು’, ‘ಟಾರ್ಗೆಟ್ಟು’, ‘ಓಟಿ’ ಸೇರಿದ ಕನ್ನಡವೇ ಸರಿಹೊಂದೀತು ಎಂಬುದು ನನ್ನ ಊಹೆ.

ಈ ನಾಟಕ ಓದಿ ಇವತ್ತಿನ ಕ್ವಿಬೆಕ್ ಗೊತ್ತಾಯಿತೆಂದುಕೊಂಡರೆ ಮೋಸ ಹೋದಂತೆ. 2021ರ ಜನಗಣತಿಯಲ್ಲಿ 85 ಲಕ್ಷ ಜನರಿದ್ದ ಪ್ರಾಂತ್ಯವದು. ಮಾಂಟ್ರಿಯಲ್‌ನ ತರಗತಿಗಳಲ್ಲಿ ಹೈಟಿ, ಅಲ್ಜೀರಿಯಾ, ವಿಯೆಟ್ನಾಂ ಮೂಲದ ಮಕ್ಕಳು ಫ್ರೆಂಚಿನಲ್ಲಿ ಜಗಳವಾಡುತ್ತಾರೆ. ಅವರನ್ನು ಫ್ರೆಂಚ್ ಶಾಲೆಗೆ ಕೂರಿಸಿದ್ದು 1977ರ ಭಾಷಾ ಕಾಯ್ದೆ. ಅಡುಗೆಮನೆಯ ಹದಿನೈದು ಹೆಂಗಸರಿಗೆ ಅಂಥವರ ಕಲ್ಪನೆಯೂ ಇರಲಿಲ್ಲ. ಆದರೂ ಆ ಕಾಯ್ದೆಯ ಹಿಂದಿನ ಹಟ ಎಲ್ಲಿಂದ ಬಂತು, ಅಂಗಡಿಯ ಬೋರ್ಡಿನ ಅಕ್ಷರದ ಗಾತ್ರಕ್ಕೂ ಅಲ್ಲಿ ಯಾಕೆ ಕಾದಾಡುತ್ತಾರೆ ಎಂಬುದಕ್ಕೆ ಲಿಸೆಟ್‌ಳ ತಪ್ಪು ಫ್ರೆಂಚಿಗಿಂತ ಒಳ್ಳೆಯ ವಿವರಣೆ ನನಗೆ ಸಿಕ್ಕಿಲ್ಲ. ಟ್ರಾಂಬ್ಲೆ ಕೂಡ ಹಟಮಾರಿಯೇ: 1976ರಲ್ಲಿ ಪ್ರತ್ಯೇಕ ಕ್ವಿಬೆಕ್ ಬಯಸುವ ಪಕ್ಷವಾದ ಪಾರ್ತಿ ಕೆಬೆಕ್ವಾ ಗೆಲ್ಲುವ ತನಕ ತನ್ನ ನಾಟಕಗಳನ್ನು ಪ್ರಾಂತ್ಯದೊಳಗೆ ಇಂಗ್ಲಿಷಿನಲ್ಲಿ ಆಡಲು ಬಿಡಲಿಲ್ಲ.

ಕೊನೆಯಲ್ಲಿ ಕಳವು ಬಯಲಾಗಿ ರಂಪವಾಗುತ್ತದೆ. ಸಿಕ್ಕಷ್ಟು ದೋಚಿಕೊಂಡು ಎಲ್ಲರೂ ಹೊರನಡೆಯುತ್ತಾರೆ. ಜರ್ಮೇನ್ ಖಾಲಿ ಅಡುಗೆಮನೆಯಲ್ಲಿ ಅಳುತ್ತಾಳೆ. ಹೊರಗಿನಿಂದ ‘ಓ ಕೆನಡಾ’ ಕೇಳಿಬರುತ್ತದೆ. ಅದು ಇಂಗ್ಲಿಷರ ಹಾಡೆಂದೇ ಹಲವರ ತಿಳಿವಳಿಕೆ. ಆದರೆ 1880ರ ಜೂನ್ 24ರಂದು, ಸೇಂಟ್ ಜಾನ್ ಹಬ್ಬಕ್ಕೆಂದು, ಕ್ವಿಬೆಕ್ ನಗರದಲ್ಲಿ ಫ್ರೆಂಚಿನಲ್ಲೇ ಮೊದಲು ಹಾಡಿದ್ದು. ಕಳ್ಳಿಯರು ಹಾಡುತ್ತಿದ್ದಾರೆ, ಕಳಕೊಂಡವಳು ನೆಟ್ಟಗೆ ಎದ್ದು ನಿಂತು ಕಣ್ಣೀರಿನಲ್ಲೇ ದನಿಗೂಡಿಸುತ್ತಾಳೆ. ಮೇಲಿನಿಂದ ಸ್ಟಾಂಪುಗಳ ಮಳೆ ಸುರಿಯುತ್ತದೆ.